ದಾದಿಯರ ಮಾತು, ಆಸ್ಪತ್ರೆಯ ಲೆಕ್ಕ

ಒಂದು ಆಸ್ಪತ್ರೆಗೆ ಎಷ್ಟು ಮಂದಿ ದಾದಿಯರು ಬೇಕು? ಹಾಸಿಗೆಗಳನ್ನು ಎಣಿಸಿ, ಒಂದು ನಿಗದಿತ ಅನುಪಾತದಿಂದ ಭಾಗಿಸಿದರೆ ಉತ್ತರ ಸಿಕ್ಕಿತು ಎಂದು ನಿಮಗೆ ಅನ್ನಿಸಬಹುದು. ಆಡಳಿತವೂ ಬಹುಕಾಲ ಹೀಗೆಯೇ ಯೋಚಿಸಿದೆ. ಆದರೆ ಇದೇ ಪ್ರಶ್ನೆಯನ್ನು ರಾತ್ರಿ ಪಾಳಿ ಮಾಡುವ ದಾದಿಯ ಮುಂದೆ ಇಟ್ಟರೆ ಅವರು ಹಾಸಿಗೆಯಿಂದ ಮಾತು ಆರಂಭಿಸುವುದಿಲ್ಲ. ಹೆರಿಗೆ ಕೊಠಡಿಯಲ್ಲಿ ನೋವು ತಿನ್ನುತ್ತಿರುವ ಹೆಂಗಸು, ಅದೇ ಹೊತ್ತಿಗೆ ವಿಷ ಕುಡಿದವನನ್ನು ಹೊತ್ತು ತಂದ ಊರವರು, ಮುಗಿಯುತ್ತ ಬಂದ ಸಲೈನ್ ಬಾಟಲಿ, ತುಂಬಬೇಕಾದ ರಿಜಿಸ್ಟರು, ಇವೆಲ್ಲ ಅವರ ಉತ್ತರದಲ್ಲಿ ಬರುತ್ತವೆ.

ಮೊದಲನೆಯದು ಸಂಖ್ಯೆ, ಎರಡನೆಯದು ಮಾತು. ಸಂಖ್ಯೆಯನ್ನು ಪುರಾವೆ ಎಂದು ಒಪ್ಪಲು ನಮಗೆ ಕಷ್ಟವಿಲ್ಲ. ಮಾತನ್ನು ಪುರಾವೆ ಎಂದು ಒಪ್ಪಬಹುದೇ? ಒಪ್ಪುವುದಾದರೆ ಅದರ ಗಟ್ಟಿತನವನ್ನು ಪರೀಕ್ಷಿಸುವುದು ಹೇಗೆ? ಜನರ ಅನುಭವ, ಅಭಿಪ್ರಾಯ ಮತ್ತು ನಡವಳಿಕೆಯನ್ನು ಸಂದರ್ಶನ, ಗುಂಪು ಚರ್ಚೆ ಹಾಗೂ ವೀಕ್ಷಣೆಯ ಮೂಲಕ ಅರಿಯುವ ವಿಧಾನಕ್ಕೆ ಗುಣಾತ್ಮಕ ಸಂಶೋಧನೆ ಎಂದು ಹೆಸರು. ಈ ವಿಧಾನ ಬೆಳೆದ ಬಗೆಯನ್ನು, ಅದನ್ನು ಒರೆಗೆ ಹಚ್ಚುವ ಕ್ರಮವನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡೋಣ.

ಗಡಿಯ ಐದು ತಾಲ್ಲೂಕುಗಳು

ಈ ಐದು ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿಯೋ ಹತ್ತಿರವೋ ಇವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಇಲ್ಲಿ ಹರಿಯುತ್ತವೆ. ಕಬ್ಬು ಇಲ್ಲಿನ ಮುಖ್ಯ ಬೆಳೆ. ನಿಪ್ಪಾಣಿ ತಂಬಾಕಿಗೆ ಹೆಸರಾದ ಪೇಟೆ. ಮನೆಮನೆಗಳಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಕೇಳಿಬರುತ್ತವೆ. ದವಾಖಾನೆಯ ದಾದಿ ಇಲ್ಲಿನವರ ಬಾಯಲ್ಲಿ ‘ಸಿಸ್ಟರ್’ ಅಥವಾ ‘ನರ್ಸಬಾಯಿ’.

ಸ್ವಾತಂತ್ರ್ಯಪೂರ್ವದಲ್ಲಿ ಈ ಪ್ರದೇಶ ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ದೊಡ್ಡ ಚಿಕಿತ್ಸೆಗೆ ಜನ ನೋಡುತ್ತಿದ್ದುದು ಮಿರಜದ ಕಡೆಗೆ. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್‌ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದರು. 1897ರಲ್ಲಿ ಅದಕ್ಕೆ ಸೇರಿದಂತೆ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ರಾಯಬಾಗ, ಕುಡಚಿ, ಉಗಾರದ ಮೂಲಕ ಹಾದುಹೋಗುವ ರೈಲುಮಾರ್ಗ ರೋಗಿಗಳಿಗೆ ಅನುಕೂಲವಾಗಿತ್ತು. ಮುಂಬಯಿ ಪ್ರಾಂತದ ದಾದಿಯರ ನೋಂದಣಿಗೆ 1935ರಲ್ಲಿ ಕಾನೂನು ಬಂದಿತು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಈ ರಾಜ್ಯದ್ದೇ ಆದ ದಾದಿಯರ ಕಾಯಿದೆ ರೂಪುಗೊಂಡಿತು.

ಇನ್ನೊಂದು ಬದಲಾವಣೆಯನ್ನು ಗಮನಿಸಿ. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿ ತಾಲ್ಲೂಕಿನಲ್ಲಿತ್ತು. ಇವೆರಡೂ ಪ್ರತ್ಯೇಕ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದ್ದು 2018ರಲ್ಲಿ. ಆದ್ದರಿಂದ ‘ಚಿಕ್ಕೋಡಿ ತಾಲ್ಲೂಕಿನಲ್ಲಿ ಅಂದು ಇಷ್ಟು ದಾದಿಯರು, ಇಂದು ಇಷ್ಟು’ ಎಂಬ ಹೋಲಿಕೆ ಎಲ್ಲಿಯಾದರೂ ಕಂಡರೆ, ಎರಡು ಸಲವೂ ಎಣಿಸಿದ್ದು ಒಂದೇ ಭೂಭಾಗವನ್ನೇ ಎಂದು ನೀವು ಮೊದಲು ಕೇಳಬೇಕು. ಮಾತಿಗೆ ಮಾತ್ರವಲ್ಲ, ಸಂಖ್ಯೆಗೂ ಒರೆಗಲ್ಲು ಬೇಕು.

ಯಾರನ್ನು ಕೇಳಿದರು?

ಆಸ್ಪತ್ರೆಗಳ ಸ್ಥಿತಿಯನ್ನು ಪ್ರಶ್ನಾವಳಿಯಿಂದ ಅರಿಯುವ ದೊಡ್ಡ ಪ್ರಯತ್ನ ಭಾರತದಲ್ಲಿ ನಡೆದದ್ದು ಸೈನ್ಯದ ಸಲುವಾಗಿ. ಭಾರತದಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ ನೇಮಕವಾದ ರಾಯಲ್ ಆಯೋಗ 1863ರಲ್ಲಿ ವರದಿ ನೀಡಿತು. ಅದಕ್ಕಾಗಿ ಇಲ್ಲಿನ ದಂಡುಪ್ರದೇಶಗಳಿಗೆ ಪ್ರಶ್ನೆಗಳನ್ನು ಕಳುಹಿಸಿ ಉತ್ತರ ತರಿಸಿಕೊಳ್ಳಲಾಯಿತು. ಆ ಉತ್ತರಗಳ ರಾಶಿಯನ್ನು ಓದಿ ವಿಶ್ಲೇಷಿಸಿದವರು ಫ್ಲಾರೆನ್ಸ್ ನೈಟಿಂಗೇಲ್. ಅವರು ಭಾರತಕ್ಕೆ ಒಮ್ಮೆಯೂ ಬಂದಿರಲಿಲ್ಲ. ಆದರೂ ಕುಡಿಯುವ ನೀರು, ಚರಂಡಿ, ಕಿಕ್ಕಿರಿದ ವಾಸ ಇವುಗಳಿಂದ ಯೋಧರು ಸಾಯುತ್ತಿದ್ದಾರೆ ಎಂದು ಅದರಿಂದಲೇ ತೋರಿಸಿಕೊಟ್ಟರು. ಅಂಕಿಅಂಶಗಳ ಚಿತ್ರಗಳಿಗೆ ಹೆಸರಾದ ನೈಟಿಂಗೇಲ್ ಬರಹದ ಉತ್ತರಗಳನ್ನೂ ಅಷ್ಟೇ ಎಚ್ಚರದಿಂದ ಓದಿದರು. ಆದರೆ ಅಲ್ಲಿ ಉತ್ತರ ಕೊಟ್ಟವರು ಅಧಿಕಾರಿಗಳು. ರೋಗಿಯ ಪಕ್ಕದಲ್ಲಿ ನಿಂತು ಆರೈಕೆ ಮಾಡುತ್ತಿದ್ದವರ ದನಿ ಅದರಲ್ಲಿ ಇರಲಿಲ್ಲ.

ದಾದಿಯರ ಸಂಘಟನೆ 1908ರಲ್ಲಿ ರೂಪುಗೊಂಡಿತು. ಅವರ ಪತ್ರಿಕೆ ‘ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ’ 1910ರಲ್ಲಿ ಹೊರಬಂದಿತು. 1943ರಲ್ಲಿ ನೇಮಕವಾದ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಸಲ್ಲಿಸಿದಾಗ ದೇಶದಲ್ಲಿದ್ದ ದಾದಿಯರು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು. ದಾದಿಯರ ವಸತಿ ಮತ್ತು ಕೆಲಸದ ಸ್ಥಿತಿ ಶೋಚನೀಯವಾಗಿದೆ ಎಂದೂ ಆ ಸಮಿತಿ ದಾಖಲಿಸಿತು.

ಮುಂದೆ 1954ರಲ್ಲಿ ಮದರಾಸು ರಾಜ್ಯದ ಆರೋಗ್ಯ ಸಚಿವ ಎ. ಬಿ. ಶೆಟ್ಟಿ ಅವರ ಅಧ್ಯಕ್ಷತೆಯಲ್ಲಿ ದಾದಿಯರ ಸೇವಾ ಸ್ಥಿತಿಗತಿಗಳ ಪರಿಶೀಲನೆಗೆ ಸಮಿತಿ ರಚನೆಯಾಯಿತು. 1987ರಲ್ಲಿ ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ನೇಮಕಗೊಂಡು 1989ರಲ್ಲಿ ವರದಿ ಕೊಟ್ಟಿತು. ದಾದಿಯರ ಕೊರತೆ, ಶುಶ್ರೂಷೆಗೆ ಸಂಬಂಧವಿಲ್ಲದ ಕೆಲಸಗಳ ಹೊರೆ, ವಸತಿಯ ಅಭಾವ ಇವೆಲ್ಲ ಅದರಲ್ಲಿ ಚರ್ಚೆಗೆ ಬಂದವು. ಹೀಗೆ ದಾದಿಯರ ಅಹವಾಲು ಸರ್ಕಾರದ ಕಡತಕ್ಕೆ ಬಂದಿತು. ಆದರೆ ಅಹವಾಲು ಬೇರೆ, ಸಂಶೋಧನೆ ಬೇರೆ. ಅಹವಾಲಿಗೆ ಪರಿಹಾರ ಬೇಕು. ಸಂಶೋಧನೆಗೆ ಅದರ ಜೊತೆಗೆ ವಿಧಾನವೂ ಬೇಕು.

ಹಾಸಿಗೆ ಲೆಕ್ಕ ಎಲ್ಲಿ ತಪ್ಪುತ್ತದೆ?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯಲ್ಲಿ 3 ಹಾಸಿಗೆಗೆ ಒಬ್ಬ ದಾದಿ, ಸಾಮಾನ್ಯ ಆಸ್ಪತ್ರೆಯಲ್ಲಿ 5 ಹಾಸಿಗೆಗೆ ಒಬ್ಬ ದಾದಿ ಇರಬೇಕು. ರಜೆಯ ಸಲುವಾಗಿ ಶೇಕಡಾ 30ರಷ್ಟು ಹೆಚ್ಚುವರಿ ದಾದಿಯರು ಬೇಕು. ಗ್ರಾಮೀಣ ಆಸ್ಪತ್ರೆಗಳಿಗೆ 2007ರಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ಬಂದವು. ಅವು 2012ರಲ್ಲಿ, ಮತ್ತೆ 2022ರಲ್ಲಿ ಪರಿಷ್ಕೃತವಾದವು. 2012ರ ಮಾನದಂಡದಲ್ಲಿ 30 ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರಕ್ಕೆ 10 ಮಂದಿ ಶುಶ್ರೂಷಕಿಯರನ್ನು ಹೇಳಲಾಗಿತ್ತು.

ಹತ್ತು ಮಂದಿ ಎಂದರೆ ಮೂರು ಹಾಸಿಗೆಗೆ ಒಬ್ಬರು. ಸಾಕಷ್ಟಾಯಿತು ಅನ್ನಿಸುತ್ತದೆ. ಈಗ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಜಾಗದಲ್ಲಿ ದಿನದ 24 ಗಂಟೆಯೂ ಒಬ್ಬ ದಾದಿ ಇರಬೇಕಾದರೆ ದಿನಕ್ಕೆ ಮೂರು ಪಾಳಿಯಂತೆ ವರ್ಷಕ್ಕೆ 1,095 ಪಾಳಿಗಳು ತುಂಬಬೇಕು. ವಾರದ ರಜೆ, ಹಬ್ಬದ ರಜೆ, ಗಳಿಕೆ ರಜೆ, ಕಾಯಿಲೆ, ತರಬೇತಿ ಎಲ್ಲ ಸೇರಿ ಒಬ್ಬರು ವರ್ಷದಲ್ಲಿ 100 ದಿನ ಕೆಲಸದಲ್ಲಿ ಇರುವುದಿಲ್ಲ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಉಳಿಯುವುದು 265 ಪಾಳಿ. 1,095ನ್ನು 265ರಿಂದ ಭಾಗಿಸಿದರೆ 4.1. ಎಂದರೆ ಒಂದೇ ಒಂದು ಜಾಗಕ್ಕೆ ನಾಲ್ವರಿಗಿಂತ ಹೆಚ್ಚು ದಾದಿಯರು ಬೇಕು. ಹೆರಿಗೆ ಕೊಠಡಿ, ತುರ್ತು ಚಿಕಿತ್ಸೆ, ವಾರ್ಡು ಈ ಮೂರು ಕಡೆ ಸದಾ ಒಬ್ಬೊಬ್ಬರು ಇರಬೇಕೆಂದರೆ 12.4, ಅಂದರೆ 13 ಮಂದಿ ಬೇಕು. ಹತ್ತೂ ಹುದ್ದೆ ಭರ್ತಿಯಾಗಿದ್ದರೂ ಒಂದು ಪಾಳಿಗೆ ಸಿಗುವುದು ಸರಾಸರಿ 2.4 ಮಂದಿ. ಒಂದೆರಡು ಹುದ್ದೆ ಖಾಲಿ ಇದ್ದರೆ, ಒಬ್ಬರನ್ನು ನಿಯೋಜನೆಯ ಮೇಲೆ ಬೇರೆಡೆಗೆ ಕಳುಹಿಸಿದ್ದರೆ, ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದರೆ ರಾತ್ರಿ ಪಾಳಿಗೆ ಉಳಿಯುವವರು ಒಬ್ಬರೇ.

ಹಾಸಿಗೆ ಲೆಕ್ಕಕ್ಕೆ ಸಿಗದ ಸಂಗತಿಗಳು ಇನ್ನೂ ಇವೆ. ಬಾಣಂತಿಯ ಮಗ್ಗುಲಲ್ಲಿರುವ ಕೂಸಿಗೆ ಬೇರೆ ಹಾಸಿಗೆ ಇಲ್ಲ, ಆದರೆ ಆರೈಕೆ ಇಬ್ಬರಿಗೂ ಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊರಗಿನಿಂದ ಬಂದ ಕೂಲಿಕಾರರು ಜನಗಣತಿಯ ಲೆಕ್ಕದಲ್ಲಿ ಇಲ್ಲ, ಆದರೆ ದವಾಖಾನೆಯ ಬಾಗಿಲಲ್ಲಿ ಇರುತ್ತಾರೆ. 2005, 2019 ಮತ್ತು 2021ರಲ್ಲಿ ಕೃಷ್ಣಾ ಕಣಿವೆಯಲ್ಲಿ ನೆರೆ ಬಂದು ಊರುಗಳು ಮುಳುಗಿದಾಗ ಪರಿಹಾರ ಕೇಂದ್ರಗಳಿಗೂ ಆರೋಗ್ಯ ಸಿಬ್ಬಂದಿ ಬೇಕಾಯಿತು. ಇವನ್ನು ಯಾವ ಅನುಪಾತವೂ ತಾನಾಗಿ ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಹೇಳಬೇಕು.

ಮಾತು ಪುರಾವೆಯಾದ ಬಗೆ

ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ವಿದ್ಯಾರ್ಥಿ ದಾದಿಯರನ್ನು ವಾರ್ಡುಗಳಿಗೆ ಹಂಚುವ ವ್ಯವಸ್ಥೆ ಕುಸಿಯುವ ಹಂತಕ್ಕೆ ಬಂದಿತ್ತು. ವಾರ್ಡಿನ ಅಗತ್ಯ ಒಂದು ಕಡೆ, ತರಬೇತಿಯ ಅಗತ್ಯ ಇನ್ನೊಂದು ಕಡೆ. ಕಾರಣ ಹುಡುಕಲು ಕರೆಸಿದ ಇಸಬೆಲ್ ಮೆನ್ಜಿಸ್ ಸುಮಾರು 70 ಮಂದಿ ದಾದಿಯರನ್ನು ಒಬ್ಬೊಬ್ಬರಾಗಿ ಹಾಗೂ ಸಣ್ಣ ಗುಂಪುಗಳಲ್ಲಿ ಮಾತನಾಡಿಸಿ, ವಾರ್ಡಿನ ಕೆಲಸವನ್ನೂ ಗಮನಿಸಿದರು. ಅವರ ವರದಿ 1960ರ ಸುಮಾರಿಗೆ ಪ್ರಕಟವಾಯಿತು. ಒಬ್ಬ ರೋಗಿಯ ಪೂರ್ಣ ಆರೈಕೆಯನ್ನು ಒಬ್ಬರಿಗೆ ವಹಿಸದೆ, ಕೆಲಸವನ್ನು ಚೂರುಚೂರಾಗಿ ಹಂಚುವ ಪದ್ಧತಿ ದಾದಿಯರನ್ನು ಸಾವು ನೋವುಗಳ ಆತಂಕದಿಂದ ಕಾಪಾಡಲೆಂದು ಬೆಳೆದಿತ್ತು. ಆದರೆ ಅದು ಆತಂಕವನ್ನು ಕಳೆಯದೆ, ಕೆಲಸದ ತೃಪ್ತಿಯನ್ನೂ ಕಸಿದುಕೊಂಡಿತು ಎಂದು ಮೆನ್ಜಿಸ್ ವಾದಿಸಿದರು. ಸಿಬ್ಬಂದಿ ಕೊರತೆ ಎಂದು ಕಂಡದ್ದರ ಹಿಂದೆ ಕೆಲಸದ ರಚನೆಯ ದೋಷವೂ ಇರಬಹುದು ಎಂಬುದು ಬರಿಯ ಎಣಿಕೆಯಿಂದ ತಿಳಿಯುತ್ತಿರಲಿಲ್ಲ.

1960ರ ದಶಕದಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಆಸ್ಪತ್ರೆಗಳಲ್ಲಿ ಸಾವಿನ ಸಮೀಪವಿದ್ದ ರೋಗಿಗಳ ಸುತ್ತಲಿನ ವ್ಯವಹಾರವನ್ನು ಅಧ್ಯಯನ ಮಾಡಿದರು. 1967ರಲ್ಲಿ ಅವರು ಪ್ರಕಟಿಸಿದ ಗ್ರಂಥ, ಸಂಗ್ರಹಿಸಿದ ಮಾತುಗಳಿಂದಲೇ ಸಿದ್ಧಾಂತವನ್ನು ಹಂತಹಂತವಾಗಿ ಕಟ್ಟುವ ವಿಧಾನವನ್ನು ವಿವರಿಸಿತು. 1983ರಲ್ಲಿ ಅಮೆರಿಕದ ಶುಶ್ರೂಷಾ ಅಕಾಡೆಮಿ, ದಾದಿಯರು ಬಿಟ್ಟುಹೋಗದೆ ಉಳಿಯುವ 41 ಆಸ್ಪತ್ರೆಗಳನ್ನು ಗುರುತಿಸಿತು. ಮೇಲ್ವಿಚಾರಕಿಯರನ್ನೂ ವಾರ್ಡಿನ ದಾದಿಯರನ್ನೂ ಬೇರೆ ಬೇರೆ ಕೂರಿಸಿ ಅವರ ಅಭಿಪ್ರಾಯ ಕೇಳಿತು. ಮೇಲಧಿಕಾರಿಯ ಎದುರಿಗೆ ಕೆಳಗಿನವರು ಮನಬಿಚ್ಚಿ ಮಾತನಾಡುವುದಿಲ್ಲ ಎಂಬ ಸರಳ ಸತ್ಯ ಇಲ್ಲಿ ವಿಧಾನದ ಭಾಗವಾಗಿತ್ತು.

ಮಾತು ಮತ್ತು ಸಂಖ್ಯೆ ಒಂದನ್ನೊಂದು ಬೆಳೆಸಿದ್ದಕ್ಕೆ ಬಿಯಾಟ್ರಿಸ್ ಕ್ಯಾಲಿಶ್ ಅವರ ಕೆಲಸ ಒಳ್ಳೆಯ ನಿದರ್ಶನ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನ ಎರಡು ಆಸ್ಪತ್ರೆಗಳ ಶುಶ್ರೂಷಾ ಸಿಬ್ಬಂದಿಯ ಗುಂಪು ಚರ್ಚೆಗಳನ್ನು ಆಧರಿಸಿತ್ತು. ‘ನಿಮ್ಮ ಪಾಳಿಯಲ್ಲಿ ಮಾಡಲಾಗದೆ ಉಳಿಯುವ ಕೆಲಸ ಯಾವುದು?’ ಎಂಬುದು ಅದರ ತಿರುಳು. ರೋಗಿಯನ್ನು ನಡೆಸುವುದು, ಮಗ್ಗುಲು ಬದಲಿಸುವುದು, ಹೊತ್ತಿಗೆ ಸರಿಯಾಗಿ ಉಣಿಸುವುದು, ತಿಳಿವಳಿಕೆ ಹೇಳುವುದು, ಧೈರ್ಯ ತುಂಬುವುದು ಮುಂತಾದ 9 ಬಗೆಯ ಆರೈಕೆಗಳು ಪಟ್ಟಿಯಾದವು. ಇದರ ಆಧಾರದ ಮೇಲೆ ಮುಂದೆ ಅಳತೆಯ ಪ್ರಶ್ನಾವಳಿ ಸಿದ್ಧವಾಯಿತು. 2014ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಸಮೀಕ್ಷೆಯಲ್ಲಿ 46 ಆಸ್ಪತ್ರೆಗಳ ದಾದಿಯರ ಪೈಕಿ ಶೇಕಡಾ 86 ಮಂದಿ ಹಿಂದಿನ ಪಾಳಿಯಲ್ಲಿ ಕನಿಷ್ಠ ಒಂದು ಕೆಲಸವಾದರೂ ಉಳಿಯಿತು ಎಂದರು. ಹೆಚ್ಚಾಗಿ ಉಳಿದದ್ದು ರೋಗಿಯೊಡನೆ ಮಾತನಾಡಿ ಸಮಾಧಾನ ಹೇಳುವ ಕೆಲಸ.

ಇನ್ನೊಂದು ದಿಕ್ಕಿನಿಂದ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮಾಹಿತಿ ಪರಿಶೀಲಿಸಿದರು. ಒಬ್ಬ ದಾದಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಯಾದ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವದ ಅನುಪಾತ ಶೇಕಡಾ 7ರಷ್ಟು ಏರುತ್ತದೆ ಎಂದು ಕಂಡುಬಂದಿತು. 2014ರಲ್ಲಿ ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದೇ ಪ್ರಮಾಣ ಬಂದಿತು. ಸಂಖ್ಯೆ ಅಪಾಯ ಎಷ್ಟು ಎಂದು ಹೇಳಿತು. ಆ ಅಪಾಯ ಯಾವ ದಾರಿಯಿಂದ ಬರುತ್ತದೆ ಎಂಬುದರ ಸುಳಿವನ್ನು ದಾದಿಯರ ಮಾತು ಕೊಟ್ಟಿತು.

ಒರೆಗಲ್ಲುಗಳು

‘ಹತ್ತು ಜನರ ಮಾತು ಕೇಳಿ ಬರೆದದ್ದು ವಿಜ್ಞಾನವೇ?’ ಎಂಬ ಆಕ್ಷೇಪ ಸಹಜ. ಈ ಆಕ್ಷೇಪಕ್ಕೆ ಉತ್ತರವಾಗಿಯೇ ಒರೆಗಲ್ಲುಗಳು ಹುಟ್ಟಿದವು. 1985ರಲ್ಲಿ ಯುವೊನಾ ಲಿಂಕನ್ ಮತ್ತು ಎಗಾನ್ ಗೂಬಾ ನಾಲ್ಕು ಗುಣಗಳನ್ನು ಸೂಚಿಸಿದರು. ಸಂಶೋಧಕರು ಹೇಳಿದ್ದು ಮಾತನಾಡಿದವರ ಅನುಭವಕ್ಕೆ ನಿಷ್ಠವಾಗಿದೆಯೇ ಎಂಬುದು ನಂಬಲರ್ಹತೆ. ಬೇರೆ ಕಡೆಗೆ ಅದು ಹೊಂದುತ್ತದೆಯೇ ಎಂದು ಓದುಗ ತೀರ್ಮಾನಿಸುವಷ್ಟು ವಿವರ ಇದೆಯೇ ಎಂಬುದು ವರ್ಗಾಯಿಸುವಿಕೆ. ಹೆಜ್ಜೆಗಳನ್ನು ದಾಖಲಿಸಲಾಗಿದೆಯೇ ಎಂಬುದು ಅವಲಂಬನಾರ್ಹತೆ. ತೀರ್ಮಾನಗಳ ಬೇರು ಮಾಹಿತಿಯಲ್ಲಿದೆಯೇ, ಸಂಶೋಧಕರ ಒಲವಿನಲ್ಲಿದೆಯೇ ಎಂಬುದು ದೃಢೀಕರಣ. ಮರುವರ್ಷ ಮಾರ್ಗರೇಟ್ ಸ್ಯಾಂಡಲೋಸ್ಕಿ ಶುಶ್ರೂಷಾ ಸಂಶೋಧನೆಯಲ್ಲಿ ಕಟ್ಟುನಿಟ್ಟು ಎಂದರೇನು ಎಂಬುದನ್ನು ಚರ್ಚಿಸಿದರು.

2007ರಲ್ಲಿ ಸಂದರ್ಶನ ಮತ್ತು ಗುಂಪು ಚರ್ಚೆಗಳ ವರದಿಗೆ 32 ಅಂಶಗಳ ‘ಕೊರೆಕ್’ ಪಟ್ಟಿ ಬಂದಿತು. ಕೇಳಿದವರು ಯಾರು, ಹೇಗೆ ಆರಿಸಿದರು, ಹೇಗೆ ವಿಶ್ಲೇಷಿಸಿದರು ಎಂಬ ಮೂರು ಭಾಗಗಳು ಅದರಲ್ಲಿವೆ. ಒಂದು ಎಚ್ಚರಿಕೆ ಬೇಕು. 32 ಅಂಶಗಳಿಗೂ ಗುರುತು ಹಾಕಿದ ಮಾತ್ರಕ್ಕೆ ಅಧ್ಯಯನ ಉತ್ತಮವಾಗದು. ಅದು ಏನು ನಡೆಯಿತು ಎಂಬುದನ್ನು ಮುಚ್ಚಿಡದೆ ಹೇಳಿದೆ ಎಂದಷ್ಟೇ ಅರ್ಥ. ಅನೇಕ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಒಂದು ನಿಲುವಿನ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ನಿರ್ಧರಿಸಲು 2015ರ ನಂತರ ‘ಸರ್ಕ್ವಾಲ್’ ಎಂಬ ಕ್ರಮ ಬಳಕೆಗೆ ಬಂದಿದೆ. ವಿಧಾನದ ದೋಷ, ಸುಸಂಬದ್ಧತೆ, ಮಾಹಿತಿಯ ಸಮೃದ್ಧಿ, ಪ್ರಸ್ತುತತೆ ಇವು ಅದರ ನಾಲ್ಕು ಅಳತೆಗಳು.

ನಮ್ಮ ನೆಲದಲ್ಲಿ ಒರೆ

ಉತ್ತರ ಕರ್ನಾಟಕದಲ್ಲೂ ಇಂಥ ಅಧ್ಯಯನ ನಡೆದಿದೆ. ಕೊಪ್ಪಳ ಜಿಲ್ಲೆಯ ಸರ್ಕಾರಿ ಆರೋಗ್ಯ ಸಿಬ್ಬಂದಿ ಮತ್ತು ಆಡಳಿತಗಾರರ ಅಭಿಪ್ರಾಯಗಳನ್ನು ಕುರಿತ ಆಶಾ ಜಾರ್ಜ್ ಅವರ ಲೇಖನ 2009ರಲ್ಲಿ ಪ್ರಕಟವಾಯಿತು. ಕಾಗದದ ಮೇಲಿನ ನಿಯಮ, ವರದಿಗಳ ಆಚೆಗೆ ಜನರ ನಡುವಣ ಅನೌಪಚಾರಿಕ ಸಂಬಂಧಗಳೂ ಕೆಲಸದ ಗತಿಯನ್ನು ನಿರ್ಧರಿಸುತ್ತವೆ ಎಂದು ಅದು ತೋರಿಸಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರ ತಂಡ 2018ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಗರ್ಭಿಣಿಯರ ರಕ್ತದೊತ್ತಡದ ತೊಂದರೆಯನ್ನು ಗುರುತಿಸಿ ಮೊದಲ ಚಿಕಿತ್ಸೆ ಕೊಡುವ ಕೆಲಸವನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರೊಡನೆ ಹಂಚಿಕೊಳ್ಳಬಹುದೇ ಎಂಬುದು ಅದರ ಪ್ರಶ್ನೆ. ಎರಡೂ ನಮ್ಮ ವಿಷಯಕ್ಕೆ ಹತ್ತಿರದವು. ಆದರೆ ಎರಡೂ ‘ಆಸ್ಪತ್ರೆಯ ಒಂದು ಪಾಳಿಗೆ ಎಷ್ಟು ದಾದಿಯರು?’ ಎಂಬ ಪ್ರಶ್ನೆಯನ್ನು ಕೇಳಿದವಲ್ಲ. ಕೊಪ್ಪಳದ ತೀರ್ಮಾನವನ್ನು ಎತ್ತಿ ಕಾಗವಾಡಕ್ಕೆ ಅಂಟಿಸುವ ಮೊದಲು ಎರಡು ಊರುಗಳ ಸ್ಥಿತಿ ಎಷ್ಟರಮಟ್ಟಿಗೆ ಹೋಲುತ್ತದೆ ಎಂದು ನೋಡಬೇಕು. ವರ್ಗಾಯಿಸುವಿಕೆ ಎಂದರೆ ಇದೇ.

ಈ ಐದು ತಾಲ್ಲೂಕುಗಳ ದಾದಿಯರ ಅಭಿಪ್ರಾಯ ಕುರಿತ ವರದಿಯೊಂದು ನಾಳೆ ನಿಮ್ಮ ಕೈಗೆ ಬಂದರೆ ಏನೇನು ಕೇಳಬೇಕು?

ಮೊದಲನೆಯದು, ಯಾರನ್ನು ಮಾತನಾಡಿಸಿದರು? ಕಾಯಂ ದಾದಿಯರನ್ನು ಮಾತ್ರವೇ, ಗುತ್ತಿಗೆಯವರನ್ನೂ ಸೇರಿಸಿದರೇ? ಕೆಲಸ ಬಿಟ್ಟುಹೋದವರ ಮಾತು ಇದೆಯೇ? ಉಳಿದವರನ್ನಷ್ಟೇ ಕೇಳಿದರೆ ಸಹಿಸಿಕೊಂಡವರ ಕಥೆ ಮಾತ್ರ ಸಿಗುತ್ತದೆ. ಇಲ್ಲಿ ತಲೆಗಳ ಎಣಿಕೆ ದೊಡ್ಡದಲ್ಲ, ಸ್ಥಿತಿಗಳ ವೈವಿಧ್ಯ ದೊಡ್ಡದು.

ಎರಡನೆಯದು, ಎಲ್ಲಿ, ಯಾರೆದುರು ಕೇಳಿದರು? ವೈದ್ಯಾಧಿಕಾರಿಯ ಕೊಠಡಿಯಲ್ಲಿ ‘ಹೆಂಗ ನಡದೈತಿ?’ ಎಂದು ಕೇಳಿದರೆ ‘ನಡೀತೈತ್ರೀ’ ಎಂಬ ಉತ್ತರ ಬರುವುದೇ ಹೆಚ್ಚು. ಅದು ತೃಪ್ತಿಯ ಮಾತೋ, ತಪ್ಪಿಸಿಕೊಳ್ಳುವ ಮಾತೋ ಎಂಬುದು ಸ್ಥಳ ತಿಳಿಯದೆ ಅರ್ಥವಾಗದು. ಒಂದು ಕೇಂದ್ರದಲ್ಲಿ ಕೆಲವೇ ದಾದಿಯರಿದ್ದಾಗ ಊರಿನ ಹೆಸರು ಬರೆದರೂ ಆಡಿದವರು ಯಾರೆಂದು ತಿಳಿದುಬಿಡುತ್ತದೆ. ವರ್ಗಾವಣೆಯ ಭಯವಿರುವವರ ಗುರುತನ್ನು ವರದಿ ಕಾಪಾಡಿದೆಯೇ ಎಂಬುದನ್ನೂ ನೋಡಬೇಕು.

ಮೂರನೆಯದು ಭಾಷೆ. ‘ರಾತ್ರಿ ಪಾಳಿ ಭಾಳ ತ್ರಾಸ್ರೀ’ ಎಂದು ಒಬ್ಬರು ಹೇಳಿದರು ಎನ್ನಿ. ತ್ರಾಸ ಎಂಬ ಮಾತು ಇಲ್ಲಿನ ಕನ್ನಡಕ್ಕೂ ಮರಾಠಿಗೂ ಸೇರಿದ್ದು. ಅದು ದಣಿವಾಗಬಹುದು, ಭಯವಾಗಬಹುದು, ಕುಡಿದು ಬಂದವರ ಕಿರುಕುಳವಾಗಬಹುದು. ಇಂಗ್ಲಿಷಿನ ಒಂದೇ ಪದಕ್ಕೆ ಇಳಿಸಿದರೆ ಮೂರರಲ್ಲಿ ಎರಡು ಅಳಿಸಿಹೋಗುತ್ತವೆ. ದಣಿವಿಗೆ ಪರಿಹಾರ ಇನ್ನೊಬ್ಬ ದಾದಿ, ಕಿರುಕುಳಕ್ಕೆ ಪರಿಹಾರ ಕಾವಲುಗಾರ. ಅನುವಾದ ತಪ್ಪಿದರೆ ಪರಿಹಾರವೂ ತಪ್ಪುತ್ತದೆ. ಆದ್ದರಿಂದ ಮಾತನ್ನು ಮೂಲದಲ್ಲೇ ದಾಖಲಿಸಿದರೇ, ಅನುವಾದವನ್ನು ಇನ್ನೊಬ್ಬರು ಪರಿಶೀಲಿಸಿದರೇ ಎಂದು ಕೇಳಿ.

ನಾಲ್ಕನೆಯದು, ಒಪ್ಪದ ಮಾತಿಗೂ ಜಾಗ ಇದೆಯೇ? ಎಲ್ಲರೂ ಒಂದೇ ಹೇಳಿದರು ಎಂಬ ವರದಿಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ‘ನಮ್ಮಲ್ಲಿ ಮಂದಿ ಸಾಕು, ಬರೆಯುವ ಕೆಲಸ ಹೆಚ್ಚು’ ಎಂದವರು ಒಬ್ಬರಾದರೂ ಇದ್ದರೆ ಆ ಮಾತನ್ನು ವಿವರಿಸುವ ಹೊಣೆ ಸಂಶೋಧಕರದು.

ಐದನೆಯದು, ಮಾತನ್ನು ಬೇರೆ ದಾಖಲೆಯೊಡನೆ ಹೋಲಿಸಿದರೇ? ಹಾಜರಿ ಪುಸ್ತಕ, ಪಾಳಿ ಪಟ್ಟಿ, ಹೆರಿಗೆ ರಿಜಿಸ್ಟರು ಎಲ್ಲ ಆಸ್ಪತ್ರೆಯಲ್ಲೇ ಇರುತ್ತವೆ. ಇವು ಮಾತಿನೊಂದಿಗೆ ಹೊಂದದಿದ್ದರೆ ಮಾತು ಸುಳ್ಳು ಎಂದು ಹೇಳಲು ಬರುವುದಿಲ್ಲ. ರಿಜಿಸ್ಟರೂ ದಣಿದ ಕೈ ಬರೆದದ್ದೇ. ಹೊಂದದ ಜಾಗದಲ್ಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ.

ಕೊನೆಗೆ ಒಂದು ಮಿತಿಯನ್ನು ಹೇಳಲೇಬೇಕು. ಎಷ್ಟೇ ಉತ್ತಮ ಗುಣಾತ್ಮಕ ಅಧ್ಯಯನವಾದರೂ ‘ಇಂತಿಷ್ಟು ಹುದ್ದೆ ಬೇಕು’ ಎಂಬ ಸಂಖ್ಯೆಯನ್ನು ಅದೊಂದೇ ಕೊಡಲಾರದು. ಯಾವುದನ್ನು ಎಣಿಸಬೇಕು ಎಂಬುದನ್ನು ಅದು ಕೊಡುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ದಾದಿ ಮತ್ತು ರೋಗಿಗಳ ಕನಿಷ್ಠ ಅನುಪಾತಕ್ಕೆ 1999ರಲ್ಲಿ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು. ಅಲ್ಲಿ ಅನುಪಾತವನ್ನು ಕಟ್ಟಿದ್ದು ಮಂಜೂರಾದ ಹುದ್ದೆಗೆ ಅಲ್ಲ, ಪಾಳಿಯಲ್ಲಿ ನಿಜವಾಗಿ ಇರುವ ದಾದಿಗೆ. ಈ ವ್ಯತ್ಯಾಸ ಪಾಳಿ ಮಾಡಿದವರಿಗೆ ಬೇಗ ಹೊಳೆಯುತ್ತದೆ.

1863ರ ಪ್ರಶ್ನಾವಳಿಗೆ ಅಧಿಕಾರಿಗಳು ಉತ್ತರ ಬರೆದರು. ಇಂದು ದಾದಿಯರ ಮಾತನ್ನು ಕೇಳುವ ವಿಧಾನವೂ ಇದೆ, ಕೇಳಿದ್ದನ್ನು ಪರೀಕ್ಷಿಸುವ ಒರೆಗಲ್ಲೂ ಇದೆ. ಹಾಗೆಯೇ ನಂಬುವುದು ಎಷ್ಟು ತಪ್ಪೋ, ಪರೀಕ್ಷಿಸದೆ ‘ಬರೀ ಗೊಣಗಾಟ’ ಎಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಮುಂದಿನ ಸಲ ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ ಎಂಬ ಅಂಕಿ ಪತ್ರಿಕೆಯಲ್ಲಿ ಕಂಡಾಗ, ಅದರ ಪಕ್ಕಕ್ಕೆ ಇನ್ನೊಂದು ಪ್ರಶ್ನೆ ಬರೆದುಕೊಳ್ಳಿ: ರಾತ್ರಿ ಎರಡು ಗಂಟೆಗೆ ಅಲ್ಲಿ ಎಷ್ಟು ಮಂದಿ ಇರುತ್ತಾರೆ?